ಸ್ಕೋರ್ ಮಾಮನ ಲೆಕ್ಕ

ಸ್ಕೋರ್ ಮಾಮ ತೀರಿಕೊಂಡ ಸುದ್ದಿಯನ್ನು ನಮ್ಮ ಕ್ರಿಕೆಟ್ ಕ್ಲಬ್ಬಿನ ಗ್ರೂಪಿಗೆ ಹಾಕಿದಾಗ 'ಯಾರಿದು?' ಎಂದು ಕೇಳಿದವರೇ ಜಾಸ್ತಿ. ಹಾಕಿದ್ದು ಅವರ ನಿಜವಾದ ಹೆಸರು, ಅದು ಯಾರಿಗೆ ಗೊತ್ತಿತ್ತು? 'ಸ್ಕೋರ್ ಮಾಮ ಕಣ್ರೋ' ಎಂದು ಬರೆದ ಮೇಲೆ ಫೋನ್ ಮೇಲೆ ಫೋನ್.

ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದವರು. ವಯಸ್ಸಿನಲ್ಲಿ ನಮ್ಮ ಕ್ಲಬ್ಬಿಗೆ ಆಫ್ ಸ್ಪಿನ್ ಹಾಕುತ್ತಿದ್ದರಂತೆ. ಬಾಲು ಮಾತ್ರ ಯಾವತ್ತೂ ತಿರುಗುತ್ತಿರಲಿಲ್ಲ ಎಂದು ಅವರ ಜೊತೆ ಆಡಿದವರು ಈಗಲೂ ನಗುತ್ತಾರೆ. ನಾನು ಸೇರುವ ಹೊತ್ತಿಗೆ ಅವರ ಕೈಯಲ್ಲಿದ್ದದ್ದು ಬಾಲಲ್ಲ, ಸುತ್ತಿಗೆ ಮತ್ತು ಸ್ಕೋರ್ ಬುಕ್.

ಸುತ್ತಿಗೆ ಯಾಕೆಂದರೆ ಆಗ ನಮ್ಮ ಲೀಗ್ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ. ತೆಂಗಿನ ನಾರಿನ ಆ ಮ್ಯಾಟನ್ನು ಎಳೆದು, ಅಂಚಿಗೆ ಮೊಳೆ ಹೊಡೆಯಬೇಕು. ನಾವು ಹುಡುಗರು ಎರಡೂ ಕಡೆ ನಿಂತು ಎಳೆಯುತ್ತಿದ್ದೆವು, ಮಾಮ ಮೊಣಕಾಲೂರಿ ಹೊಡೆಯುತ್ತಿದ್ದರು. ಆಮೇಲೆ ಅಂಗೈಯನ್ನು ಮ್ಯಾಟಿನ ಮೇಲೆ ಸವರಿ, ಸ್ವಲ್ಪ ಸಡಿಲ ಕಂಡರೂ ಮೊಳೆ ಕಿತ್ತು ಮತ್ತೆ ಶುರು. 'ಸಡಿಲ ಬಿಟ್ರೆ ಬಾಲ್ ನಿಂತು ಬರುತ್ತೆ, ಆಮೇಲೆ ಔಟಾಗಿ ಬಂದು ನನ್ನ ಬೈತೀರ' ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಭಾನುವಾರ ಬೆಳಗ್ಗೆ ಇದು ದೊಡ್ಡ ಕಿರಿಕಿರಿ.

ಸ್ಕೋರ್ ಬರೆಯುವಾಗಲಂತೂ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ರನ್ನಿಗೆ ನೀಲಿ ಪೆನ್ನು, ವಿಕೆಟ್ಟಿಗೆ ಕೆಂಪು. ಒಂದೂ ರನ್ ಕೊಡದ ಮೇಡನ್ ಓವರ್ ಆದರೆ ಬಾಲಿಗೊಂದರಂತೆ ಹಾಕಿದ ಆರು ಚುಕ್ಕಿ ಸೇರಿಸಿ ಇಂಗ್ಲಿಷಿನ ಎಂ. ಅದರಲ್ಲೇ ವಿಕೆಟ್ ಬಿದ್ದಿದ್ದರೆ ತಲೆಕೆಳಗು ಮಾಡಿ ಡಬ್ಲ್ಯೂ. ಅಂಗಳದಲ್ಲಿ ಚುಕ್ಕಿ ರಂಗೋಲಿ ಎಳೆಯುವವರ ಥರ ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದರು.

ಅವರನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ನಮ್ಮ ಪಂದ್ಯ ಯಾವುದೂ ಅಲ್ಲ. 2010ರ ಜನವರಿ 14, ಸಂಕ್ರಾಂತಿ. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕರ್ನಾಟಕಕ್ಕೂ ಮುಂಬೈಗೂ ರಣಜಿ ಫೈನಲ್. ಮೊದಲ ಇನಿಂಗ್ಸಿನಲ್ಲಿ ಬರೀ 130ಕ್ಕೆ ಔಟಾಗಿದ್ದ ನಮ್ಮವರಿಗೆ ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ ಬಾರಿಸುತ್ತಿದ್ದ ರೀತಿ ನೋಡಿದರೆ ಕಪ್ ನಮ್ಮದೇ ಅನ್ನಿಸಿಬಿಟ್ಟಿತ್ತು. ಹಬ್ಬ ಬಿಟ್ಟು ಊರೇ ಬಂದಿತ್ತು. ಕೂರಲು ಜಾಗ ಸಿಗದವರು ಮರ ಹತ್ತಿದ್ದರು.

ಮಾಮ ಅಲ್ಲಿಗೂ ಸ್ಕೋರ್ ಬುಕ್ ತಂದಿದ್ದರು! ಅಧಿಕೃತ ಸ್ಕೋರರ್‌ಗಳು ಇದ್ದೇ ಇರುತ್ತಾರೆ, ನಿಮಗ್ಯಾಕೆ ಮಾಮ ಈ ತಲೆನೋವು ಎಂದರೆ, 'ಅವರದು ಅವರಿಗೆ' ಎಂದರು. ಪಾಂಡೆ ನೂರು ಹೊಡೆದಾಗ ಎಲ್ಲರೂ ಎದ್ದು ಕುಣಿದರೆ ಇವರೊಬ್ಬರು ಕೂತಲ್ಲಿಂದಲೇ ನನ್ನ ಶರ್ಟು ಜಗ್ಗಿ, 'ಕೂತ್ಕೊಳೋ, ಬೌಲರ್ ಯಾರು ಅಂತ ಕಾಣ್ತಿಲ್ಲ' ಎಂದು ಬೈದರು. ಅತ್ತೆ ಕಟ್ಟಿಕೊಟ್ಟಿದ್ದ ಎಳ್ಳು-ಬೆಲ್ಲದ ಪೊಟ್ಟಣ ಮಾತ್ರ ಗುರುತಿಲ್ಲದವರ ಕೈಗೂ ಹೋಗುತ್ತಿತ್ತು.

ಪಾಂಡೆ 144ಕ್ಕೆ ಔಟಾದ. ಆಮೇಲೆ ಒಂದೊಂದೇ ವಿಕೆಟ್. ಮುಂಬೈನ ಅಗರ್ಕರ್ ಐದು ಕಿತ್ತ. ಕೊನೆಗೆ ಬಾಲಂಗೋಚಿಗಳು ಒಂದೊಂದು ರನ್ ಕದಿಯುತ್ತಾ ಹತ್ತಿರ ತಂದು, 331ಕ್ಕೆ ಎಲ್ಲ ಮುಗಿಯಿತು. ಆರು ರನ್ನಿನ ಸೋಲು. ನನ್ನ ಪಕ್ಕದ ಹುಡುಗ ಜೋರಾಗಿ ಅತ್ತೇಬಿಟ್ಟ.

ಜನ ಖಾಲಿಯಾಗುತ್ತಿದ್ದರು. ಮಾಮ ಮೇಲೇಳಲಿಲ್ಲ. ಬ್ಯಾಟ್ಸ್‌ಮನ್‌ಗಳ ರನ್ನಿಗೆ, ಬ್ಯಾಟಿನಿಂದ ಬರದ ಎಕ್ಸ್‌ಟ್ರಾ ಕೂಡಿದರೆ 331 ಬರುತ್ತಿತ್ತು, ಬೌಲರ್‌ಗಳ ಕಡೆಯಿಂದ ಕೂಡಿದರೆ ಒಂದು ಕಮ್ಮಿ. 'ಸೋತಾಯ್ತಲ್ಲ ಮಾಮ, ಬಿಡಿ' ಎಂದೆ. ತಲೆ ಎತ್ತದೆ, 'ಸೋತಿದ್ದಕ್ಕೇ ಸರಿಯಾಗಿರ್ಬೇಕು ಕಣೋ' ಎಂದರು. ಎಲ್ಲೋ ಒಂದು ನೋಬಾಲಿನ ರನ್ ಬೌಲರ್ ಲೆಕ್ಕಕ್ಕೆ ಸೇರಿರಲಿಲ್ಲ. ಅದನ್ನು ಹುಡುಕಿ, ಎರಡೂ ಕಡೆ ಟ್ಯಾಲಿ ಆದ ಮೇಲೆ ಬುಕ್ ಮುಚ್ಚಿದರು. ಆಗಲೇ ಅವರ ಕಣ್ಣೂ ಕೆಂಪಾಗಿದ್ದು ಕಂಡದ್ದು.

ಈಗ ಹುಡುಗರು ಮೊಬೈಲಿನಲ್ಲೇ ಸ್ಕೋರ್ ಹಾಕುತ್ತಾರೆ. ಅನುಕೂಲವೇ, ನಾನೇನೂ ಬೇಡ ಅನ್ನುವುದಿಲ್ಲ.

ಮಾಮನ ಕಾರ್ಯದ ದಿನ ಊಟ ಮುಗಿದ ಮೇಲೆ ಅತ್ತೆ ಒಂದು ಕಬ್ಬಿಣದ ಟ್ರಂಕ್ ತೋರಿಸಿ, 'ರದ್ದಿಗೆ ಹಾಕ್ಬೇಡ ಅಂದಿದ್ರು, ನೀವೇ ತಗೊಂಡ್ಹೋಗ್ರಪ್ಪ' ಎಂದರು. ತುಂಬಾ ಸ್ಕೋರ್ ಬುಕ್ಕುಗಳು. ಜಗುಲಿಯ ಮೇಲೆ ಕೂತು ಎಲ್ಲರೂ ಅವರವರ ಹೆಸರು ಹುಡುಕಲು ಶುರು ಮಾಡಿದೆವು. ನಮ್ಮ ಹಳೆಯ ಕ್ಯಾಪ್ಟನ್ ಒಬ್ಬನಿದ್ದಾನೆ, ತನ್ನ ಒಂದು ಸೆಂಚುರಿಯ ಕತೆ ಹೇಳದೆ ಅವನು ಯಾವ ಮದುವೆಯಲ್ಲೂ ಊಟಕ್ಕೆ ಕೂತವನಲ್ಲ. ಆ ಪಂದ್ಯವೂ ಸಿಕ್ಕಿತು. ಕೆಂಪು ಪೆನ್ನಿನಲ್ಲಿ ಎಲ್‌ಬಿಡಬ್ಲ್ಯೂ, ಮುಂದೆ ನೀಲಿಯಲ್ಲಿ 93.

'ಮಾಮ ತಪ್ಪು ಬರ್ದಿದ್ದಾರೆ ಬಿಡ್ರೋ' ಎಂದ.

'ಕೂಡಿ ನೋಡಪ್ಪ' ಎಂದರು ಅತ್ತೆ, ಬಾಗಿಲಲ್ಲಿ ನಿಂತು.

ಕೂಡಿದೆವು. ಎರಡೂ ಕಡೆ ಟ್ಯಾಲಿ ಆಯಿತು. ಉಳಿದ ಬುಕ್ಕುಗಳು ಕ್ಲಬ್ಬಿನ ಬೀರು ಸೇರಿವೆ, ಆ ಒಂದನ್ನು ಮಾತ್ರ ಅವನೇ ಮನೆಗೆ ಒಯ್ದಿದ್ದಾನೆ.