ಕಾರಣವನ್ನಾದರೂ ಹೇಳಬಾರದಾ?

ಗೋಕುಲಂನ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಫ್ರಾನ್ಸಿನ ಗೆಳತಿ ಭಾರತದ ಪೌರತ್ವಕ್ಕೆ ಅರ್ಜಿ ಹಾಕಿದ್ದಾರೆ. ಅವರ ನಡತೆ ಒಳ್ಳೆಯದು ಅಂತ ಅಫಿಡವಿಟ್‌ಗೆ ನಾನೂ ಸಹಿ ಹಾಕಿದ್ದೇನೆ. ಹಾಗಾಗಿ 1955ರ ಪೌರತ್ವ ಕಾಯ್ದೆಯನ್ನು ಕೂತು ಓದಿದೆ.

ಷರತ್ತುಗಳೇನೋ ಸ್ಪಷ್ಟವಾಗಿವೆ. ಸಾಮಾನ್ಯವಾಗಿ ಅರ್ಜಿಗೆ ಮುಂಚಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು. ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇಲ್ಲಿ ಕಳೆದಿರಬೇಕು. ಸಂವಿಧಾನದ ಎಂಟನೇ ಶೆಡ್ಯೂಲಿನ ಒಂದು ಭಾಷೆ ಸಾಕಷ್ಟು ಬರಬೇಕು. ಅದರಲ್ಲಿ ಕನ್ನಡವೂ ಇದೆ, ಇವರು ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವುದೇ ಕನ್ನಡದಲ್ಲಿ! ಪೌರತ್ವ ಸಿಕ್ಕರೆ ಫ್ರಾನ್ಸಿನದು ಬಿಡುತ್ತೇನೆ ಅಂತಲೂ ಬರೆದುಕೊಟ್ಟಿದ್ದಾರೆ.

ಸೆಕ್ಷನ್ 14 ಓದಿ ಮಾತ್ರ ತುಂಬಾ ಬೇಸರವಾಯಿತು. ಎಲ್ಲ ಷರತ್ತು ಪೂರೈಸಿದರೂ ಕೊಡುವುದು ಬಿಡುವುದು ಸರ್ಕಾರದ ವಿವೇಚನೆಗೆ ಬಿಟ್ಟಿದ್ದು. ಯಾಕೆ ಅಂತ ಹೇಳಬೇಕಾಗಿಯೇ ಇಲ್ಲ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನೋದು ದೇಶದ ಹಕ್ಕು, ಒಪ್ಪುತ್ತೇನೆ. ದೇಶದ ಭದ್ರತೆಯ ವಿಷಯ ಬಂದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳೋಕಾಗಲ್ಲ ಅನ್ನೋದೂ ನಿಜ. ಉಳಿದವರಿಗೆ ಎರಡು ಸಾಲು ಬರೆದುಕೊಟ್ಟರೆ ಏನು ನಷ್ಟ? ಕಾರಣವೇ ಗೊತ್ತಿಲ್ಲದೆ ಕೋರ್ಟಿಗೆ ಹೋಗಿ ಏನಂತ ವಾದ ಮಾಡೋದು? ಕಾಗದಪತ್ರದಲ್ಲೇ ಏನೋ ಕೊರತೆ ಇದ್ದಿದ್ದರೆ ಸರಿಮಾಡಿಕೊಂಡು ಮತ್ತೆ ಅರ್ಜಿ ಹಾಕಬಹುದಿತ್ತು, ಅಲ್ವಾ?