ಮೊದಲು ಮಾತಾಡಿದವಳ ಅಂಕ

ಕಳೆದ ಫೆಬ್ರವರಿಯಲ್ಲಿ ವಿಜಯಪುರದ ಒಂದು ಕಾಲೇಜಿನ ವಿಚಾರ ಸಂಕಿರಣಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಪ್ರಬಂಧ ಮಂಡಿಸುವವರು 14 ಜನ. ಒಬ್ಬೊಬ್ಬರಿಗೆ 8 ನಿಮಿಷ ಮಾತು, 2 ನಿಮಿಷ ಪ್ರಶ್ನೆ. ನಾವು ಮೂವರು ತೀರ್ಪುಗಾರರು, ಕೈಯಲ್ಲಿ 50 ಅಂಕದ ಹಾಳೆ.

ಮೊದಲ ಹೆಸರು ಇಂಡಿ ಕಡೆಯ ಹುಡುಗಿಯದು. ವಿಷಯ, ನಿಂಬೆಯ ಕಜ್ಜಿ ರೋಗ. 2023ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಪಡೆದ ಇಂಡಿ ನಿಂಬೆ ಇದೆಯಲ್ಲ, ಅದರ ತೋಟಗಳಲ್ಲೇ ಓಡಾಡಿ ಲೆಕ್ಕ ತಂದಿದ್ದಳು. ಅವಳು ನಿಲ್ಲುವ ಹೊತ್ತಿಗೆ ಪ್ರೊಜೆಕ್ಟರ್ ಕೈಕೊಟ್ಟಿತು. ಅದು ಸರಿಹೋಗುವಷ್ಟರಲ್ಲಿ 3 ನಿಮಿಷ ಹೋಯಿತು, ಆದರೆ ಗಂಟೆ ಹೊಡೆಯುವವರು ಅದನ್ನೂ ಅವಳ ಲೆಕ್ಕಕ್ಕೇ ಸೇರಿಸಿದರು.

ಉಳಿದ 5 ನಿಮಿಷದಲ್ಲಿ ಅವಳು ಒಂದು ಎಲೆಯ ಫೋಟೊ ತೋರಿಸಿದಳು. ರಂಗೋಲಿ ಹುಳು ಕೊರೆದ ಬೆಳ್ಳಿ ಗೆರೆ, ಆ ಗೆರೆಯ ಗುಂಟ ಉಬ್ಬಿದ ಕಂದು ಕಜ್ಜಿ, ಸುತ್ತ ಹಳದಿ ಉಂಗುರ. ಹುಳು ಮಾಡಿದ ಗಾಯದೊಳಗೆ ಮಳೆ ಹನಿ ಸಿಡಿದು ಬ್ಯಾಕ್ಟೀರಿಯಾ ಹೊಕ್ಕಿದೆ ಅನ್ನುವುದು ಒಂದೇ ನೋಟಕ್ಕೆ ಅರ್ಥವಾಗುತ್ತಿತ್ತು.

ಹೋಲಿಸಿ ನೋಡಲು ಔಷಧಿ ಹೊಡೆಯದೆ ಬಿಟ್ಟ ಗಿಡಗಳ ಲೆಕ್ಕ ಎಲ್ಲಿ ಎಂದು ಕೇಳಿದೆ. ಸ್ವಲ್ಪ ತಡೆದು ಹೇಳಿದಳು: "10 ಗಿಡ ಬಿಟ್ಟಿದ್ರಿ ಸರ್. ಜೋರು ಮಳಿ ಆತು, ತೋಟದವರು ಹೆದರಿ ಅವಕ್ಕೂ ಹೊಡದಬಿಟ್ರು. ಅದಕ್ಕ ಆ ಲೆಕ್ಕ ತಗದ್ಹಾಕೀನ್ರಿ."

ನಾನು ಆಗ 31 ಬರೆದೆ. ಇದು ತಪ್ಪು. ಮುಂದೆ ಇನ್ನೂ ಚೆನ್ನಾಗಿ ಮಾಡುವವರು ಬರಬಹುದು ಎಂದು ಸುಮ್ನೆ ಅಂಕ ಹಿಡಿದುಕೊಂಡಿದ್ದೆ. ಮೊದಲು ಬಂದವರಿಗೆ ನಾವು ಮಾಡುವ ಅನ್ಯಾಯ ಇದೇ ಅಲ್ವಾ? ಐದನೆಯವನ ಸ್ಲೈಡುಗಳು ಬಹಳ ಚಂದ ಇದ್ದವು, ಇಂಗ್ಲಿಷೂ ಸರಾಗ, ಆದರೆ ಎಷ್ಟು ಗಿಡ ಅಳೆದೆ ಅಂದರೆ ಗೈಡ್ ಮುಖ ನೋಡಿದ. ಅವನಿಗೆ 38 ಬರೆಯಲು ಹೊರಟ ಪೆನ್ಸಿಲ್ ಅಲ್ಲೇ ನಿಂತಿತು. ಹಾಳೆ ತಿರುವಿ ಹಿಂದಕ್ಕೆ ಹೋದೆ, ಅವಳ 31 ಅಳಿಸಿ, ವಿಧಾನಕ್ಕೂ ಉತ್ತರಕ್ಕೂ ಸಲ್ಲಬೇಕಾದ್ದನ್ನು ಕೊಟ್ಟು 41 ಮಾಡಿದೆ. ಅವತ್ತಿನಿಂದ ನಾನು ಮೊದಲ ನಾಲ್ಕು ಜನರ ಅಂಕವನ್ನು ಕೊನೆಯಲ್ಲಿ ಮತ್ತೆ ನೋಡದೆ ಸಹಿ ಹಾಕುವುದಿಲ್ಲ.

ಸಮಯ ಪಾಲಿಸಿಲ್ಲ ಎಂದು ಇನ್ನೊಬ್ಬ ತೀರ್ಪುಗಾರರು 4 ಅಂಕ ಕಳೆದಿದ್ದರು. ಪ್ರೊಜೆಕ್ಟರ್ ಕೆಟ್ಟರೆ ಅವಳೇನು ಮಾಡಬೇಕು ಸರ್ ಎಂದು ನಾನು ಬಿಡದೆ ವಾದ ಮಾಡಿದೆ. ಕೊನೆಗೆ ಒಪ್ಪಿದರು. ಆದರೂ ಅವಳಿಗೆ ಬಂದದ್ದು ಎರಡನೇ ಬಹುಮಾನ. ಬದನೆ ಬಗ್ಗೆ ಮಾತಾಡಿದ ಹುಡುಗ ನಿಜವಾಗಿಯೂ ಇನ್ನೂ ಚೆನ್ನಾಗಿ ಮಾಡಿದ್ದ.

ಊಟದ ಹೊತ್ತಿಗೆ ಅವಳೇ ಹುಡುಕಿಕೊಂಡು ಬಂದಳು. ಬಹುಮಾನದ ಮಾತು ಎತ್ತಲಿಲ್ಲ. "ಸರ್, ಬರೂ ಮಳಿಗಾಲಕ್ಕ ಆ 10 ಗಿಡ ಬ್ಯಾರೆ ತೋಟದಾಗ ಹಿಡೀಲೇನ್ರಿ?" ಎಂದಳು. ಗಿಡಕ್ಕೆ ಬಣ್ಣದ ಪಟ್ಟಿ ಕಟ್ಟು, ತೋಟದವರ ಜೊತೆ ಮೊದಲೇ ಕೂತು ಮಾತಾಡು ಎಂದೆ. ತಟ್ಟೆ ಪಕ್ಕಕ್ಕಿಟ್ಟು, ನನ್ನ ಅಂಕದ ಹಾಳೆಯ ಹಿಂದೆಯೇ ಇಬ್ಬರೂ ಗಿಡಗಳ ಸಾಲು ಗೀಚುತ್ತಾ ನಿಂತೆವು.