ಮೂರನೆಯ ಬಟ್ಟಲು

ಕುಮಟಾದ ನಮ್ಮ ಹೈಸ್ಕೂಲಿನ ವಿಜ್ಞಾನದ ಅಕ್ಕೋರು ನೆನಪಾದಾಗಲೆಲ್ಲ ಮೂರು ಸ್ಟೀಲ್ ಬಟ್ಟಲು ಕಣ್ಣಮುಂದೆ ಬರುತ್ತವೆ.

ಒಂಬತ್ತನೇ ತರಗತಿ, ಆಗಸ್ಟ್ ತಿಂಗಳು, ಹೊರಗೆ ಬಿಡದ ಮಳೆ. ಸಾಣಿಕಟ್ಟಾದ ಉಪ್ಪಿನ ಆಗರ ನೋಡುತ್ತ ಬೆಳೆದವಳು ನಾನು. ವಸ್ತುಪ್ರದರ್ಶನಕ್ಕೆ ಸಿಹಿನೀರು ಬೇಗ ಆರುತ್ತದೋ ಉಪ್ಪುನೀರೋ ಎಂದು ತೋರಿಸಲು ಹೊರಟೆ. ಸಿಹಿನೀರನ್ನು ತಾಟಿಗೆ, ಉಪ್ಪುನೀರನ್ನು ಲೋಟಕ್ಕೆ ಹಾಕಿಟ್ಟು ಎರಡೇ ದಿನಕ್ಕೆ ‘ತೀರ್ಮಾನ’ ಬರೆದು ಒಯ್ದೆ. ಅಕ್ಕೋರು ಪಟ್ಟಿ ಪೂರ್ತಿ ಓದಲೂ ಇಲ್ಲ. “ಸೋತದ್ದು ಉಪ್ಪೋ, ಲೋಟವೋ? ಹೇಳು ನೋಡ್ವ.”

ಆಮೇಲೆ ಒಂದೇ ಅಳತೆಯ ಬಟ್ಟಲು, ಎರಡರಲ್ಲೂ 200 ಗ್ರಾಂ. ಸಮುದ್ರದ ನೀರು ಬೇಡವೆಂದರು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಿಂದಾಗುವ ವ್ಯತ್ಯಾಸ ನಮ್ಮ ತಕ್ಕಡಿಗೆ ಸಿಗುವಂಥದ್ದಲ್ಲ. ಹಾಗಾಗಿ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದೆವು. ಕಿಟಕಿಯ ಗಾಳಿ ಒಂದಕ್ಕೇ ಸಿಗಬಾರದೆಂದು ದಿನಾ ಜಾಗ ಅದಲುಬದಲು. ಬದಲಿಸುವ ಚರಾಂಶ ಉಪ್ಪು, ಅಳೆಯುವುದು ತೂಕ, ಮಿಕ್ಕದ್ದೆಲ್ಲ ಇದ್ದ ಹಾಗೇ.

ಮೂರನೇ ದಿನ ಸಿಹಿನೀರು ಚೂರು ಇಳಿದಿತ್ತು. ಉಪ್ಪುನೀರು ಹೆಚ್ಚಾಗಿತ್ತು! ಜೊತೆಗಾತಿಯೇ ನೀರು ಸುರಿದಿದ್ದಾಳೆಂದು ನಾನು, ಮಾಡು ಸೋರಿದೆಯೆಂದು ಅವಳು. ಅಕ್ಕೋರು ನ್ಯಾಯ ತೀರ್ಮಾನಕ್ಕೆ ಹೋಗದೆ ಪಕ್ಕದಲ್ಲಿ ಖಾಲಿ ಬಟ್ಟಲೊಂದನ್ನು ಇಟ್ಟರು. ‘ಖಾಲಿ ಬಟ್ಟಲಿಗೆ ಅವಳ್ಯಾಕೆ ಸುರಿತಾಳೆ?’ ಎಂದು ನನ್ನ ವಾದ. ಅದಕ್ಕೆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಚೀಲಕ್ಕೆ ಸೇರಿಸಿದರು. ನಾಲ್ಕು ದಿನವಾದರೂ ಖಾಲಿ ಬಟ್ಟಲಲ್ಲಿ ಹನಿ ಇಲ್ಲ, ಉಪ್ಪುನೀರಿನ ತೂಕ ಮಾತ್ರ ಮತ್ತೂ ಏರಿತ್ತು. ನಾನು ಜೊತೆಗಾತಿಯ ಮುಖ ನೋಡಲಿಲ್ಲ.

ಗಾಳಿ ಹಿಡಿಯಬಲ್ಲಷ್ಟು ತೇವದಲ್ಲಿ ಎಷ್ಟು ಪಾಲು ತುಂಬಿದೆ ಎನ್ನುವುದೇ ಸಾಪೇಕ್ಷ ಆರ್ದ್ರತೆ. ಅದು ಸುಮಾರು ಶೇ. 75 ದಾಟಿದರೆ ಉಪ್ಪಿನ ಪರ್ಯಾಪ್ತ ದ್ರಾವಣ (ನಮ್ಮದರಂತೆ ಇನ್ನು ಕರಗದಷ್ಟು ಉಪ್ಪಿರುವ ನೀರು) ಆರುವುದಿರಲಿ, ಗಾಳಿಯ ತೇವವನ್ನೇ ಹೀರುತ್ತದಂತೆ. ನಮ್ಮ ಕರಾವಳಿಯ ಆಗಸ್ಟ್ ಎಂದರೆ ಕೇಳಬೇಕೇ! ಆಗರದವರು ಬೇಸಿಗೆಯಲ್ಲೇ ಉಪ್ಪು ತೆಗೆಯುವುದು ಬರೀ ಮಳೆನೀರಿನ ಹೆದರಿಕೆಯಿಂದ ಎಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಮತ್ತೆ ಇಟ್ಟೆವು. ಉಪ್ಪುನೀರು ಇಳಿದು, ಬಟ್ಟಲ ತಳದಲ್ಲಿ ಪುಟ್ಟ ಚೌಕದ ಹರಳುಗಳು ಕೂತವು. ಆರ್ದ್ರತೆಯೇ ಕಾರಣವೆಂದು ಸಾಬೀತಾಯ್ತೆಂದು ಕುಣಿದೆ. “ಸೆಕೆ ಹೆಚ್ಚಾಗಲಿಲ್ವಾ? ಗಾಳಿ ಬದಲಾಗಲಿಲ್ವಾ?” ಎಂದು ಅಕ್ಕೋರು ಪಟ್ಟಿ ವಾಪಸು ಕೊಟ್ಟರು.

ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾದರೆ ಆಯಿ ನಮ್ಮನ್ನೇ ಬೈಯುತ್ತಿದ್ದಳು, ಒದ್ದೆ ಚಮಚ ಹಾಕಿದಿರೆಂದು. ಈಗ ಕಾರಣ ಸಿಕ್ಕಿತಲ್ಲ ಎಂದು ಓಡಿಹೋಗಿ ಶೇ. 75ರ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಆಯ್ತು, ಮೊದಲು ಕೈ ಒರೆಸ್ಕೋ” ಎಂದಳು.